ಕೊನೆಯ ಸಾಲಿಗೆ ಕೇಳಿಸುತ್ತಿದೆಯೇ?

ನಮ್ಮ ಕಡೆಯ ಯಾವ ಸಭೆಗಾದರೂ ಹೋಗಿ ನೋಡಿ, ವಂದನಾರ್ಪಣೆಗೆ ಒಂದು ಕ್ರಮವಿದೆ. ಮೊದಲು ಅಧ್ಯಕ್ಷರು, ಆಮೇಲೆ ಉದ್ಘಾಟಕರು, ಮುಖ್ಯ ಅತಿಥಿಗಳು, ದಾನಿಗಳು, ಪತ್ರಿಕೆಯವರು, ಊಟೋಪಚಾರ ನೋಡಿಕೊಂಡವರು, ಶಾಮಿಯಾನದವರು. ಇಷ್ಟಾಗುವ ಹೊತ್ತಿಗೆ ಮುಂದಿನ ಸಾಲಿನವರು ಎದ್ದು ಸೆರಗು ಸರಿಮಾಡಿಕೊಳ್ಳುತ್ತಿರುತ್ತಾರೆ, ಹಿಂದಿನ ಸಾಲಿನವರು ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿರುತ್ತಾರೆ. ಆಗ ಬರುತ್ತದೆ ಕೊನೆಯ ಮಾತು: "ಹಾಗೆಯೇ ಮೈಕ್‌ಸೆಟ್‌ನವರಿಗೂ..." ಅವರಿಗೆ ಹೆಸರಿಲ್ಲ. ಆ ವಾಕ್ಯ ಮುಗಿಯುವುದನ್ನೇ ಕಾದಿದ್ದು ಅವರು ಮೈಕನ್ನು ಸ್ಟ್ಯಾಂಡಿನಿಂದ ಬಿಚ್ಚತೊಡಗುತ್ತಾರೆ. ಇನ್ನೊಂದು ಊರಿನಲ್ಲಿ ಇನ್ನೊಂದು ಸಭೆ ಅವರಿಗಾಗಿ ಕಾದಿರುತ್ತದೆ.

ಸಭೆಯ ಬಗ್ಗೆ ಬರೆಯುವವರೂ ಇದೇ ಕ್ರಮವನ್ನು ಪಾಲಿಸುತ್ತಾರೆ. ಭಾಷಣದಲ್ಲಿ ಹುರುಳಿತ್ತೇ, ವಿಷಯಕ್ಕೆ ನ್ಯಾಯ ಸಂದಿತೇ, ಅಧ್ಯಕ್ಷರು ಹಿತಮಿತವಾಗಿ ಮಾತಾಡಿದರೇ, ಇಷ್ಟನ್ನು ನೋಡುತ್ತಾರೆ. ಆ ಮಾತು ಮಂಟಪದ ತುದಿಯಲ್ಲಿ ಕುಳಿತವರಿಗೆ ಹೇಗೆ ತಲುಪಿತು ಎಂಬುದು ವರದಿಯಲ್ಲಿ ಬರುವುದಿಲ್ಲ. ತಲುಪದೆ ಹೋದಾಗ ಮಾತ್ರ 'ಧ್ವನಿವರ್ಧಕದ ಅವ್ಯವಸ್ಥೆಯಿಂದಾಗಿ' ಎಂದು ಒಂದು ಸಾಲು ಬೀಳುತ್ತದೆ. ನಮಗೆ, ಹೆಂಗಸರಿಗೆ, ಈ ಲೆಕ್ಕವೇನೂ ಹೊಸದಲ್ಲ. ಸಾರಿಗೆ ಉಪ್ಪು ಸರಿಯಾಗಿ ಬಿದ್ದ ದಿನ ಉಪ್ಪಿನ ಸುದ್ದಿಯನ್ನು ಯಾರಾದರೂ ಎತ್ತಿದ್ದುಂಟೇ?

ಅದಕ್ಕೇ ಈ ಲೇಖನದಲ್ಲಿ ಒಂದು ಸಭೆಯನ್ನು ಅದರ ಹಿಂಬದಿಯಿಂದ ವಿಮರ್ಶಿಸಿ ನೋಡೋಣವೆಂದು ಹೊರಟಿದ್ದೇನೆ. ಸಭೆ ನಮ್ಮೂರಿನದಲ್ಲ, ಈಗಿನದೂ ಅಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಂಪ್ಯೂಟರ್ ತಜ್ಞರ ದೊಡ್ಡ ಸಮ್ಮೇಳನವೊಂದರಲ್ಲಿ ನಡೆದದ್ದು. ಅದನ್ನು ಚಿತ್ರೀಕರಿಸಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು. ಕಂಪ್ಯೂಟರ್ ಓದಿದ ಮಗಳು "ಅಮ್ಮಾ, ಇದನ್ನೊಮ್ಮೆ ನೋಡು" ಎಂದು ಹಾಕಿಕೊಟ್ಟಳು. ಅವಳು ನೋಡಿದ್ದು ಒಂದನ್ನು, ನಾನು ನೋಡಿದ್ದು ಇನ್ನೊಂದನ್ನು. ಮಹಿಳಾ ಸಮಾಜದ ಸಭೆಗಳಿಗೆ ಜಮಖಾನ ಹಾಸಿ, ಕುರ್ಚಿ ಎಣಿಸಿ, ಮೈಕಿನವರಿಗೆ ಫೋನು ಮಾಡಿ ಅಭ್ಯಾಸವಾದ ಕಣ್ಣು ನನ್ನದು. ಅದಕ್ಕೆ ಕಾಣುವುದೇ ಬೇರೆ.

ಮೊದಲು ಏನು ನಡೆಯಿತೆಂದು ಹೇಳಿಬಿಡುತ್ತೇನೆ. ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ಸಂಶೋಧಕ ವೇದಿಕೆಯ ಮೇಲೆ ಒಂದು ಕುರ್ಚಿಯಲ್ಲಿ ಕುಳಿತಿದ್ದಾರೆ. ಬಿಳಿ ಅಂಗಿ, ಟೈ, ಕಿವಿಗೊಂದು ಯಂತ್ರ, ಬಾಯಿಯ ಹತ್ತಿರ ಸಣ್ಣ ಮೈಕು. ಮುಂದೆ ಕೀಲಿಮಣೆ, ಬಲಗೈಯ ಕೆಳಗೆ ನಾವು ಇಂದು ಮೌಸ್ ಎನ್ನುವ ಪುಟ್ಟ ಪೆಟ್ಟಿಗೆ. ಆ ಕಾಲದ ಕಂಪ್ಯೂಟರುಗಳಿಗೆ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಉಣಿಸಿ ಉತ್ತರಕ್ಕಾಗಿ ಗಂಟೆಗಟ್ಟಲೆ ಕಾಯುವುದೇ ರೂಢಿ. ಹಾಗಿರುವಾಗ ಈ ಮನುಷ್ಯ ಸುಮಾರು 1000 ಮಂದಿಯ ಮುಂದೆ, ಪರದೆಯ ಮೇಲೆ ಅಕ್ಷರಗಳನ್ನು ಬರೆದು, ಅಳಿಸಿ, ಅತ್ತಿಂದಿತ್ತ ಸರಿಸಿ ತೋರಿಸಿದರು. ಒಂದು ಪದವನ್ನು ಮುಟ್ಟಿದರೆ ಇನ್ನೊಂದು ಪುಟ ತೆರೆಯುವುದನ್ನು ತೋರಿಸಿದರು. 30 ಮೈಲಿ ದೂರದ ಮೆನ್ಲೋ ಪಾರ್ಕಿನ ಪ್ರಯೋಗಶಾಲೆಯಲ್ಲಿ ಕುಳಿತ ಸಹೋದ್ಯೋಗಿಯ ಮುಖವನ್ನು ಅದೇ ಪರದೆಯ ಮೂಲೆಯಲ್ಲಿ ತರಿಸಿ, ಇಬ್ಬರೂ ಒಂದೇ ಬರಹವನ್ನು ನೋಡುತ್ತ ಮಾತಾಡಿದರು. ಒಂದೂವರೆ ಗಂಟೆಯ ಕೊನೆಗೆ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮಗಳು ನೋಡಿದ್ದು ಇದನ್ನು. ಇವತ್ತು ನಮ್ಮ ಕೈಯಲ್ಲಿರುವುದರ ಎಷ್ಟೋ ಪಾಲು ಅವತ್ತು ಅಲ್ಲಿ ಕಂಡಿತಲ್ಲ ಎಂಬುದು ಅವಳ ಬೆರಗು. ನನಗೆ ಹುಟ್ಟಿದ ಪ್ರಶ್ನೆ ಬೇರೆ: ಅಷ್ಟೊಂದು ಜನರಿಗೆ ಅದು ಕಂಡದ್ದಾದರೂ ಹೇಗೆ? ಕಂಪ್ಯೂಟರು ಆ ಸಭಾಂಗಣದಲ್ಲಿರಲೇ ಇಲ್ಲ. ಕೋಣೆ ತುಂಬುವ ಆ ಯಂತ್ರ ಮೆನ್ಲೋ ಪಾರ್ಕಿನಲ್ಲೇ ಇತ್ತು. ಇಂದಿನ ಪ್ರೊಜೆಕ್ಟರುಗಳೂ ಆಗ ಇರಲಿಲ್ಲ. ಹಾಗಾದರೆ ಆ ಸಣ್ಣ ಅಕ್ಷರಗಳು ಕೊನೆಯ ಸಾಲಿನವನ ಕಣ್ಣಿಗೆ ಬಂದ ದಾರಿ ಯಾವುದು?

ಹುಡುಕುತ್ತ ಹೋದಂತೆ ಬಿಲ್ ಇಂಗ್ಲಿಷ್ ಎಂಬ ಹೆಸರು ಸಿಕ್ಕಿತು. ಎಂಗೆಲ್‌ಬಾರ್ಟರ ತಂಡದ ಮುಖ್ಯ ಎಂಜಿನಿಯರ್. ಮೌಸಿನ ಕಲ್ಪನೆ ಎಂಗೆಲ್‌ಬಾರ್ಟರದು, ಮರದ ಪೆಟ್ಟಿಗೆಗೆ ಎರಡು ಚಕ್ರ ಕೂಡಿಸಿ ಅದನ್ನು ಮೊದಲು ಮಾಡಿಕೊಟ್ಟ ಕೈ ಇವರದು. ಆ ದಿನದ ಸಭೆಯ ತಾಂತ್ರಿಕ ವ್ಯವಸ್ಥೆಯೆಲ್ಲ ಇವರ ಹೊಣೆಯಾಗಿತ್ತು. ಮೆನ್ಲೋ ಪಾರ್ಕಿನಲ್ಲಿ ಕಂಪ್ಯೂಟರಿನ ಪುಟ್ಟ ಪರದೆಗೆ ಟಿವಿ ಕ್ಯಾಮೆರಾ ಹಿಡಿದರು. ಆ ಚಿತ್ರವನ್ನು ಕಟ್ಟಡದ ಮಾಡಿನ ಮೇಲಿನ ಆಂಟೆನಾದಿಂದ ಸೂಕ್ಷ್ಮತರಂಗಗಳಲ್ಲಿ ಕಳಿಸಿದರು. ನಡುವೆ ಬೆಟ್ಟ ಅಡ್ಡ ಬರುತ್ತದೆ, ಆ ತರಂಗಗಳು ಬೆಟ್ಟವನ್ನು ಬಳಸಿ ಹೋಗಲಾರವು. ಅದಕ್ಕಾಗಿ ಸ್ಕೈಲೈನ್ ಎಂಬ ಬೆಟ್ಟಸಾಲಿನ ನೆತ್ತಿಯಲ್ಲಿ ಮತ್ತಷ್ಟು ಆಂಟೆನಾ ನಿಲ್ಲಿಸಿ, ಅಲ್ಲಿಂದ ಸ್ಯಾನ್ ಫ್ರಾನ್ಸಿಸ್ಕೋದ ಸಭಾಂಗಣದ ಮಾಡಿಗೆ ದಾಟಿಸಿದರು. ಎಂಗೆಲ್‌ಬಾರ್ಟರ ಕೈ ಸಭಾಂಗಣದಲ್ಲಿ ಮೌಸ್ ಸರಿಸಿದರೆ ಆ ಸರಿದಾಟದ ಸುದ್ದಿ ಟೆಲಿಫೋನ್ ತಂತಿಯ ಮೇಲೆ ಮೆನ್ಲೋ ಪಾರ್ಕಿಗೆ ಓಡಬೇಕು. ಅದಕ್ಕೆ ಬೇಕಾದ ಮೋಡೆಮ್‌ಗಳನ್ನು ತಂಡದವರು ತಾವೇ ಕಟ್ಟಿಕೊಂಡರು. ಹೀಗೆ ಕೈಯ ಸುದ್ದಿ ತಂತಿಯಲ್ಲಿ ಹೋಗಿ, ಕಣ್ಣಿನ ಸುದ್ದಿ ಗಾಳಿಯಲ್ಲಿ ಬಂದು, ಎರಡೂ ಪರದೆಯ ಮೇಲೆ ಕೂಡುತ್ತಿದ್ದವು.

ಪರದೆ ಸುಮಾರು 22 ಅಡಿ ಎತ್ತರದ್ದು. ಅಷ್ಟು ದೊಡ್ಡದಾಗಿ ಟಿವಿ ಚಿತ್ರ ತೋರಿಸಲು ಐಡೋಫರ್ ಎಂಬ ಪ್ರೊಜೆಕ್ಟರನ್ನು ತರಿಸಿದರು. ಅದೂ ಒಂದು ಸೋಜಿಗದ ಯಂತ್ರ. ಒಳಗೆ ತಿರುಗುವ ಕನ್ನಡಿ, ಅದರ ಮೇಲೆ ತೆಳುವಾಗಿ ಹರಡಿದ ಎಣ್ಣೆ. ಎಲೆಕ್ಟ್ರಾನ್ ಕಿರಣ ತಾಗಿದಲ್ಲೆಲ್ಲ ಎಣ್ಣೆಯ ಪದರ ಸುಕ್ಕಾಗುತ್ತದೆ, ಪ್ರಖರವಾದ ದೀಪದ ಬೆಳಕು ಆ ಸುಕ್ಕಿನಲ್ಲಿ ಬಾಗಿ ಪರದೆಯ ಮೇಲೆ ಚಿತ್ರವಾಗುತ್ತದೆ. ಮೆನ್ಲೋ ಪಾರ್ಕಿನ ಒಂದು ಕ್ಯಾಮೆರಾದ ಹಿಂದೆ ನಿಂತವರು ಸ್ಟೂವರ್ಟ್ ಬ್ರಾಂಡ್. ಅದೇ 1968ರಲ್ಲಿ ಅವರು ಹೊರತಂದ 'ಹೋಲ್ ಅರ್ಥ್ ಕೆಟಲಾಗ್' ಎಂಬ ಪ್ರಕಟಣೆ ಮುಂದೆ ಬಹಳ ಹೆಸರು ಮಾಡಿತು. ಅವತ್ತು ಮಾತ್ರ ಅವರು ಬರೀ ಕ್ಯಾಮೆರಾ ಹಿಡಿದವರು. ಇತ್ತ ಬಿಲ್ ಇಂಗ್ಲಿಷ್ ಸಭಾಂಗಣದ ಹಿಂಬದಿಯಲ್ಲಿ ಕುಳಿತು, ಯಾವ ಕ್ಯಾಮೆರಾದ ಚಿತ್ರ ಯಾವಾಗ ಪರದೆಗೆ ಬರಬೇಕು, ಯಾವ ಎರಡು ಚಿತ್ರಗಳು ಒಂದರ ಪಕ್ಕ ಒಂದು ನಿಲ್ಲಬೇಕು ಎಂಬುದನ್ನೆಲ್ಲ ಗುಂಡಿ ಒತ್ತಿ ನಡೆಸುತ್ತಿದ್ದರು. ವೇದಿಕೆಯ ಮೇಲಿನವರ ಕಿವಿಯಲ್ಲಿದ್ದದ್ದು ಇವರ ದನಿ.

ಈಗ ಗುಣದೋಷಗಳ ಮಾತು. ಆ ಚಿತ್ರವನ್ನು ಒಂದು ಪ್ರಯೋಗವೆಂದು, ನಾಟಕವನ್ನು ನೋಡುವಂತೆ ನೋಡಿದರೆ, ನನಗೆ ಮೆಚ್ಚಿಗೆಯಾದದ್ದು ಮೊದಲಾಗಿ ಅದರ ಹದ. ಎಂಗೆಲ್‌ಬಾರ್ಟರು ಯಾವುದನ್ನು ಹೇಳುತ್ತಾರೋ ಅದು ಕಣ್ಣಿಗೆ ಬೀಳುತ್ತದೆ. ಅಕ್ಷರದ ಮಾತು ಬಂದಾಗ ಅಕ್ಷರ, ಕೈಯ ಮಾತು ಬಂದಾಗ ಕೈ, ಯೋಚಿಸುವ ಹೊತ್ತಿಗೆ ಮುಖ. ಕೆಲವೊಮ್ಮೆ ಮುಖ ಮತ್ತು ಬರಹ ಒಂದರ ಮೇಲೊಂದು ತೆಳುವಾಗಿ ಕೂಡಿಕೊಂಡಿರುತ್ತವೆ. ಹಿಂದೆ ಗುಂಡಿ ಒತ್ತುವವನು ಮಾತನ್ನು ಅರ್ಥ ಮಾಡಿಕೊಂಡು ಒತ್ತಬೇಕು, ಇಲ್ಲದಿದ್ದರೆ ಇದು ಸಾಧ್ಯವಿಲ್ಲ. ಅರ್ಧ ನಿಮಿಷ ಮುಂಚೆ ಬಂದರೆ ಗುಟ್ಟು ರಟ್ಟು, ಅರ್ಧ ನಿಮಿಷ ತಡವಾದರೆ ಸಭೆಗೆ ಆಕಳಿಕೆ. ಬಡಿಸುವವಳಿಗೆ ಎಲೆಯ ಮೇಲೆ ಅನ್ನ ಮುಗಿಯುವ ಹೊತ್ತು ಗೊತ್ತಿರುವ ಹಾಗೆ ಇದು.

ಎರಡನೆಯದು, ಅಲ್ಲಿ ಆರಿಸಿಕೊಂಡ ಉದಾಹರಣೆ. ಅಷ್ಟು ದೊಡ್ಡ ಯಂತ್ರದ ಶಕ್ತಿಯನ್ನು ತೋರಿಸಲು ಎಂಗೆಲ್‌ಬಾರ್ಟರು ಲೆಕ್ಕಶಾಸ್ತ್ರದ ಸಮಸ್ಯೆಯನ್ನಾಗಲಿ ರಾಕೆಟ್ಟನ್ನಾಗಲಿ ತರಲಿಲ್ಲ. ತಂದದ್ದು ಮನೆಯ ಸಾಮಾನಿನ ಪಟ್ಟಿ! ಬಾಳೆಹಣ್ಣು, ಕ್ಯಾರೆಟ್ಟು ಮುಂತಾದವನ್ನು ಬರೆದು, ಹಣ್ಣು ತರಕಾರಿಯನ್ನು ಒಂದು ಗುಂಪಿಗೆ ಸೇರಿಸಿ, ಆಮೇಲೆ ಸಂಜೆ ಮನೆಗೆ ಹೋಗುವ ದಾರಿಯ ನಕ್ಷೆ ಬಿಡಿಸಿ, ಗ್ರಂಥಾಲಯದಲ್ಲಿ ಏನು ಕೆಲಸ, ಔಷಧಿ ಅಂಗಡಿಯಲ್ಲಿ ಏನು, ಮಾರುಕಟ್ಟೆಯಲ್ಲಿ ಏನು ಎಂದು ತೋರಿಸುತ್ತಾರೆ. ನೋಡುತ್ತ ನನಗೆ ನಗು ಬಂತು. ದಿನವೂ ನಾವು ತಲೆಯೊಳಗೇ ನಡೆಸುವ ವ್ಯವಹಾರ ಇದು. ತರಕಾರಿಯವನು ಮುಚ್ಚುವ ಮೊದಲು ಅಲ್ಲಿಗೆ, ಆಮೇಲೆ ದರ್ಜಿಯ ಹತ್ತಿರ, ಬರುವಾಗ ಹಿಟ್ಟಿನ ಗಿರಣಿಗೆ ಎಂದು ದಾರಿ ಹೊಂದಿಸುವವಳಿಗೆ ಯಾವ ಸಮ್ಮೇಳನದಲ್ಲೂ ಎದ್ದು ನಿಂತು ಚಪ್ಪಾಳೆ ತಟ್ಟಿದ್ದನ್ನು ನಾನು ಕಂಡಿಲ್ಲ. ಆದರೆ ಇದನ್ನು ದೋಷವೆಂದು ಹೇಳುತ್ತಿಲ್ಲ. ಎಲ್ಲರಿಗೂ ಗೊತ್ತಿರುವ ಕೆಲಸವನ್ನು ಹಿಡಿದರೆ ಗೊತ್ತಿಲ್ಲದ ಯಂತ್ರ ಅರ್ಥವಾಗುತ್ತದೆ ಎಂಬ ಜಾಣತನ ಅದರಲ್ಲಿದೆ.

ಮೂರನೆಯದು, ಮೊದಲ ಕೆಲವು ನಿಮಿಷಗಳಲ್ಲೇ ಎಂಗೆಲ್‌ಬಾರ್ಟರು ಆಡುವ ಒಂದು ಮಾತು. ಇಲ್ಲಿಂದ ಮೆನ್ಲೋ ಪಾರ್ಕಿನ ತನಕ ದೊಡ್ಡದೊಂದು ತಂಡ ನನ್ನ ಬೆನ್ನಿಗಿದೆ, ಪ್ರತಿಯೊಬ್ಬರೂ ತಮ್ಮ ಕೆಲಸವನ್ನು ಚೆನ್ನಾಗಿ ಮಾಡಿದರೆ ಇದು ಸ್ವಾರಸ್ಯವಾಗಿ ನಡೆದೀತು ಎಂಬ ಅರ್ಥದ ಮಾತು. ನಮ್ಮಲ್ಲಿ ವಂದನಾರ್ಪಣೆಯ ಬಾಲಕ್ಕೆ ಬೀಳುವುದು ಅಲ್ಲಿ ಮೊದಲಿಗೇ ಬಂದಿದೆ. ಅದೂ ಉಪಚಾರಕ್ಕಾಗಿ ಬಂದದ್ದಲ್ಲ. ಬೆಟ್ಟದ ಮೇಲಿನ ಒಂದು ಆಂಟೆನಾ ಕೈಕೊಟ್ಟರೆ ತನ್ನ ಮಾತು ಅಲ್ಲಿಗೇ ಮುಗಿಯಿತೆಂದು ಗೊತ್ತಿದ್ದವರ ಮಾತು ಅದು.

ಹಾಗಾದರೆ ದೋಷವೆಲ್ಲಿದೆ? ದೋಷ ಅದನ್ನು ನೆನಪಿಟ್ಟುಕೊಂಡ ರೀತಿಯಲ್ಲಿದೆ. ಮೊದಲಿಗೇ ಆಡಿದ ಮಾತನ್ನೇ ಲೋಕ ಮೊದಲು ಮರೆಯಿತು. ಆ ಸಭೆಗೆ 'ಎಲ್ಲ ಪ್ರಾತ್ಯಕ್ಷಿಕೆಗಳ ತಾಯಿ' ಎಂಬರ್ಥದ ಹೆಸರು ಬಿದ್ದಿದೆ. 1994ರಲ್ಲಿ ಸ್ಟೀವನ್ ಲೆವಿ ಎಂಬ ಲೇಖಕ ತಮ್ಮ ಪುಸ್ತಕದಲ್ಲಿ ಬಳಸಿದ ಮೇಲೆ ಅದು ರೂಢಿಗೆ ಬಂತು. ಹೆಸರಿನಲ್ಲಿ ತಾಯಿ ಇದ್ದಾಳೆ. ಕಥೆ ಹೇಳುವಾಗ ಮಾತ್ರ ವೇದಿಕೆಯ ಮೇಲೆ ಒಬ್ಬನೇ ಕುಳಿತ ವೀರನ ಕಥೆಯಾಗಿ ಹೇಳುತ್ತಾರೆ. ಎಂಗೆಲ್‌ಬಾರ್ಟರಿಗೆ 1997ರಲ್ಲಿ ಕಂಪ್ಯೂಟರ್ ಲೋಕದ ಅತ್ಯುನ್ನತ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಬಂತು. ಬರಬೇಕಾದದ್ದೇ. 2013ರಲ್ಲಿ ಅವರು ತೀರಿಕೊಂಡರು. ಬಿಲ್ ಇಂಗ್ಲಿಷ್ ತೀರಿಕೊಂಡದ್ದು 2020ರಲ್ಲಿ, 91ನೆಯ ವಯಸ್ಸಿನಲ್ಲಿ. ಪತ್ರಿಕೆಗಳು ಅವರನ್ನು ಮೌಸ್ ಕಟ್ಟಿದವರೆಂದು ನೆನೆದವು. ವಸ್ತುವೊಂದನ್ನು ಮಾಡಿದವರ ಹೆಸರು ಹಾಗೂ ಹೀಗೂ ಉಳಿಯುತ್ತದೆ. ಒಂದೂವರೆ ಗಂಟೆಯ ಸಭೆಯನ್ನು ತಪ್ಪಿಲ್ಲದೆ ದಾಟಿಸಿದ್ದೂ ಒಂದು ಕೃತಿಯೇ. ಅದಕ್ಕೆ ಕೃತಿಯೆಂಬ ಹೆಸರು ನಮ್ಮ ವಿಮರ್ಶೆಯಲ್ಲಿ ಇನ್ನೂ ಬಂದಿಲ್ಲ.

ಇದಕ್ಕೊಂದು ಎದುರುಮಾತು ಇದೆ, ಅದನ್ನೂ ಕೇಳಬೇಕು. ಕಾಣದೆ ಇರುವುದೇ ಆ ಕೆಲಸದ ಕಲೆ, ಕಂಡರೆ ಕೆಟ್ಟಿತು, ಮೈಕಿನವನ ನೆನಪು ಬಂತೆಂದರೆ ಮೈಕು ಕೂಗಿಕೊಂಡಿದೆ ಎಂದೇ ಅರ್ಥ ಎನ್ನುತ್ತಾರೆ. ಮಾತು ಸುಳ್ಳಲ್ಲ. ಆದರೆ ಸಭೆ ನಡೆಯುವಾಗ ಕಣ್ಣಿಗೆ ಬೀಳದಿರುವುದು ಬೇರೆ, ಸಭೆ ಮುಗಿದ ಮೇಲೆ ಲೆಕ್ಕಕ್ಕೇ ಬಾರದಿರುವುದು ಬೇರೆ. ಮೊದಲನೆಯದು ಕಸುಬಿನ ಶಿಸ್ತು, ಎರಡನೆಯದು ನಮ್ಮ ಅಸಡ್ಡೆ. ಎರಡನ್ನೂ ಒಂದೇ ಹಗ್ಗದಲ್ಲಿ ಕಟ್ಟಿ 'ಪಾಪ, ಎಲೆಮರೆಯ ಕಾಯಿ' ಎಂದು ಹೊಗಳಿಬಿಟ್ಟರೆ ನಮ್ಮ ಕೆಲಸ ಸಲೀಸಾಯಿತು. ಮನೆಯಲ್ಲೂ ಹೀಗೆ ಹೊಗಳಿಸಿಕೊಂಡವರು ನಾವು. ಈ ಹೊಗಳಿಕೆಯ ತೂಕ ನಮಗೆ ಗೊತ್ತು.

ಹಿಂದಿನವರು ಹಿಂದೆಯೇ ಅಡಗಿರಬೇಕು ಎಂಬುದೇನೂ ಎಲ್ಲ ಕಡೆಯ ನಿಯಮವಲ್ಲ. ನಮ್ಮ ಯಕ್ಷಗಾನವನ್ನೇ ನೋಡಿ. ಹಿಮ್ಮೇಳ ಎಂಬ ಹೆಸರಲ್ಲೇ 'ಹಿಂದೆ' ಇದೆ. ಆದರೂ ಭಾಗವತರು, ಮದ್ದಲೆ ಚೆಂಡೆಯವರು ರಂಗದ ಮೇಲೆ ಎಲ್ಲರ ಕಣ್ಣೆದುರೇ ಕೂತಿರುತ್ತಾರೆ. ಪದ ಎತ್ತುವುದು, ಕುಣಿತ ನಿಲ್ಲಿಸುವುದು, ಮಾತಿಗೆ ಬಿಡುವು ಕೊಡುವುದು ಎಲ್ಲ ಭಾಗವತರ ಕೈಯಲ್ಲಿ. ಅವರನ್ನು 'ಮೊದಲನೇ ವೇಷ' ಎಂದೇ ಕರೆಯುತ್ತಾರೆ, ಬಣ್ಣ ಹಚ್ಚದಿದ್ದರೂ. ಆಟ ಚೆನ್ನಾಗಿತ್ತೇ ಎಂದು ಕೇಳಿದವರು ಜತೆಯಲ್ಲೇ ಭಾಗವತರು ಯಾರು ಎಂದೂ ಕೇಳುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೋದ ಆ ಆಟಕ್ಕೆ ಭಾಗವತರು ಬಿಲ್ ಇಂಗ್ಲಿಷ್. ನಮ್ಮ ಸಭೆಗೆ ಭಾಗವತರು ಯಾರು ಎಂದು ನಾವು ಕೇಳುವುದೇ ಇಲ್ಲ.

ಕೇಳದಿದ್ದರೆ ನಷ್ಟವೇನು, ಆತನಿಗೆ ಕೂಲಿ ಸಂದಾಯವಾಗುವುದಿಲ್ಲವೇ ಎಂದರೆ, ನಷ್ಟ ಆತನಿಗೆ ಮಾತ್ರವಲ್ಲ. ಈ ಲೇಖನ ಬರೆಯಲು ನಿಜವಾದ ಕಾರಣವೇ ಅದು.

ಜಿಲ್ಲಾ ಕೇಂದ್ರವೊಂದರಲ್ಲಿ ನಡೆದ ಮಹಿಳಾ ಸಮ್ಮೇಳನಕ್ಕೆ ಕೆಲವು ವರ್ಷಗಳ ಹಿಂದೆ ಹೋಗಿದ್ದೆ. ಹೆಂಗಸರ ಕಾಯಿಲೆಗಳ ಬಗ್ಗೆ ಮಾತಾಡಲು ಹಿರಿಯ ವೈದ್ಯೆಯೊಬ್ಬರು ಬಂದಿದ್ದರು. ಅವರಿಗಿಂತ ಮೊದಲು ಮಾತಾಡಿದ ಇಬ್ಬರು ಗಂಡಸರಿಗೆ ಕಾಲರ್ ಮೈಕು ಚೆನ್ನಾಗಿ ಒಪ್ಪಿತ್ತು. ಹೆಸರೇ ಕಾಲರ್ ಮೈಕು ನೋಡಿ, ಕಾಲರ್ ಇಲ್ಲದವರು ಏನು ಮಾಡಬೇಕು? ಮೈಕಿನಿಂದ ಒಂದು ತಂತಿ, ತಂತಿಯ ತುದಿಗೆ ಇಸ್ಪೀಟಿನ ಕಟ್ಟಿನಷ್ಟು ದೊಡ್ಡ ಪೆಟ್ಟಿಗೆ. ಪೆಟ್ಟಿಗೆಯನ್ನು ಸಿಕ್ಕಿಸುವುದು ಬೆಲ್ಟಿಗೆ ಅಥವಾ ಜೇಬಿಗೆ. ಸೀರೆಯುಟ್ಟವರಿಗೆ ಎರಡೂ ಇಲ್ಲ. ಸೊಂಟಕ್ಕೆ ಸಿಕ್ಕಿಸಿದರೆ ಅದರ ಭಾರಕ್ಕೆ ನೆರಿಗೆ ಜಾರುವ ಭಯ. ಮೈಕನ್ನು ಸೆರಗಿಗೆ ಹಾಕಿದರೆ ರೇಷ್ಮೆ ಉಜ್ಜಿ ಸರಪರ ಸದ್ದು, ಕೊರಳ ಸರ ತಾಗಿದರೆ ಟಕಟಕ ಸದ್ದು. ಹುಡುಗ ಮೈಕು ಹಿಡಿದು ಎದುರು ನಿಂತ. ಮುಟ್ಟಿ ಸಿಕ್ಕಿಸುವಂತಿಲ್ಲ, ಹೇಗೆ ಸಿಕ್ಕಿಸಿಕೊಳ್ಳಬೇಕೆಂದು ಹೇಳಲು ನಾಚಿಕೆ. ಕೊನೆಗೆ ಆ ತಾಯಿ ಪೆಟ್ಟಿಗೆಯನ್ನು ಎಡಗೈಯಲ್ಲಿ, ಟಿಪ್ಪಣಿಯನ್ನು ಬಲಗೈಯಲ್ಲಿ ಹಿಡಿದು 40 ನಿಮಿಷ ಮಾತಾಡಿದರು. ಹಾಳೆ ತಿರುಗಿಸಲು ಮೂರನೆಯ ಕೈ ಇರಲಿಲ್ಲ. ಹಿಂದೆ ಕುಳಿತ ನಮಗೆ ಕೇಳಿಸಿದ್ದು ಅರ್ಧ. ಹೊರಗೆ ಬರುವಾಗ ಒಬ್ಬರು ಹೇಳಿದರು: "ವಿಷಯ ಒಳ್ಳೇದಿತ್ತು, ಆದ್ರೆ ಹೆಂಗಸರ ದನಿ ಸಭೆಗೆ ಸಾಲದು."

ದನಿ ಸಾಲದೆ? ನಾನು ಆ ಹುಡುಗನನ್ನು ಹುಡುಕಿಕೊಂಡು ಹೋದೆ. ತಂತಿ ಸುತ್ತುತ್ತಿದ್ದವನು ತಲೆಯೆತ್ತಿ ಹೇಳಿದ: "ಅಕ್ಕಾ, ಲೇಡೀಸ್ ಮಾತಾಡ್ತಾರೆ ಅಂತ ಮೊದಲೇ ಹೇಳಿದ್ರೆ ಇನ್ನೊಂದು ಸ್ಟ್ಯಾಂಡ್ ಮೈಕ್ ತರ್ತಿದ್ದೆ. ನಮಗೆ ಹೇಳೋದು ಎರಡೇ ಮಾತು. ಎಷ್ಟು ಗಂಟೆಗೆ ಬರಬೇಕು, ಎಷ್ಟು ದುಡ್ಡು."

ಈ ಒಂದು ಮಾತಿನಲ್ಲಿ ಇಡೀ ವಿಮರ್ಶೆ ಅಡಗಿದೆ. ಹಿಂದಿನವನನ್ನು ಯಾರೂ ಏನೂ ಕೇಳುವುದಿಲ್ಲ, ಅವನಿಗೆ ಏನೂ ಹೇಳುವುದಿಲ್ಲ. ಹಾಗಾಗಿ ಅವನು ಎಲ್ಲರಿಗೂ ಆಗುತ್ತದೆಂದು ಒಂದನ್ನು ತರುತ್ತಾನೆ. ಆ 'ಎಲ್ಲರು' ಯಾರೆಂದು ನೋಡಿದರೆ, ಐದೂಮುಕ್ಕಾಲು ಅಡಿ ಎತ್ತರದ, ಅಂಗಿ ತೊಟ್ಟ, ಗಟ್ಟಿ ಗಂಟಲಿನ ಗಂಡಸು. ಭಾಷಣದ ಪೀಠ ಅವನ ಎದೆಮಟ್ಟಕ್ಕಿದೆ, ನಮ್ಮಲ್ಲಿ ಅನೇಕರಿಗೆ ಅದು ಗಲ್ಲದ ಮಟ್ಟ. ಮೈಕಿಗೂ ಬಾಯಿಗೂ ಇರುವ ದೂರ ಇಮ್ಮಡಿಯಾದರೆ ಮೈಕಿಗೆ ಸಿಗುವ ಧ್ವನಿಯ ಶಕ್ತಿ ಕಾಲು ಭಾಗಕ್ಕೆ ಇಳಿಯುತ್ತದೆ. ಮಾತಾಡುವವಳು ಕುಳ್ಳಿಯಾದರೆ ಅವಳ ಮಾತು ಹೀಗೆ ದೂರದಲ್ಲೇ ಸೋರಿಹೋಗುತ್ತದೆ. 'ಹಲೋ ಹಲೋ, ಮೈಕ್ ಟೆಸ್ಟಿಂಗ್, ಒನ್ ಟೂ ತ್ರೀ' ಎಂದು ಪರೀಕ್ಷೆಗೆ ನಿಲ್ಲುವ ಗಂಟಲೂ ಗಂಡಸಿನದೇ. ಹೆಂಗಸಿನ ದನಿಯ ಮೂಲ ಶ್ರುತಿ ಗಂಡಸಿನದಕ್ಕಿಂತ ಹೆಚ್ಚುಕಡಿಮೆ ಒಂದು ಸ್ಥಾಯಿ ಮೇಲಿರುತ್ತದೆ. ಅವನ ದನಿಗೆ ಹದಮಾಡಿ ಇಟ್ಟ ಗುಂಡಿಗಳಲ್ಲಿ ಇವಳ ದನಿ ಹಾದುಬಂದರೆ ಕೀರಲಾಗಿಯೋ ತೆಳುವಾಗಿಯೋ ಕೇಳಿಸಿದರೆ ಅಚ್ಚರಿಯೇನು? ಆಗ ಗುಂಡಿ ತಿರುಗಿಸುವ ಬದಲು ದನಿಗೇ ಹೆಸರಿಡುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ಸರಿಯಾದ ಮೈಕಿನವನು ಸಭೆಯ ಮೊದಲ ವಿಮರ್ಶಕ ಎಂಬುದನ್ನು ನಾನು ಇಂಥ ಹುಡುಗರಿಂದಲೇ ಕಲಿತೆ. ಖಾಲಿ ಸಭಾಂಗಣದಲ್ಲಿ ಹದಮಾಡಿದ್ದು ಜನ ತುಂಬಿದ ಮೇಲೆ ಕೆಡುತ್ತದೆ, ಏಕೆಂದರೆ ಮೈಯೂ ಬಟ್ಟೆಯೂ ಸದ್ದನ್ನು ಕುಡಿಯುತ್ತವೆ. ದೊಡ್ಡ ಪೆಟ್ಟಿಗೆಯಿಂದ ಹೊರಟ ಸದ್ದು ಮತ್ತೆ ಮೈಕಿಗೇ ಹೊಕ್ಕು, ಮತ್ತೆ ದೊಡ್ಡದಾಗಿ ಹೊರಟು, ಹೀಗೆ ಸುತ್ತಿದರೆ ಕಿವಿ ಹರಿಯುವ ಆ ಕೂಗು ಏಳುತ್ತದೆ. ಉದ್ದನೆಯ ಮಂಟಪದಲ್ಲಿ ಸದ್ದಿಗೆ 34 ಮೀಟರು ಹೋಗಲು ಸೆಕೆಂಡಿನ ಹತ್ತನೆಯ ಒಂದು ಪಾಲು ಬೇಕು. ತಂತಿಯಲ್ಲಿ ಹಿಂದಿನ ಪೆಟ್ಟಿಗೆಗೆ ಬಂದ ಮಾತು ಅದಕ್ಕಿಂತ ಮುಂಚೆಯೇ ಹೊರಡುವುದರಿಂದ ಒಂದೇ ಮಾತು ಎರಡು ಸಲ ಕೇಳಿಸಿ ಕಲಸುಮೇಲೋಗರವಾಗುತ್ತದೆ. ಇವನ್ನೆಲ್ಲ ಅವನು ಕೊನೆಯ ಸಾಲಿನಲ್ಲಿ ಓಡಾಡಿ ಕಿವಿಯಿಂದ ಅಳೆಯುತ್ತಾನೆ. ಮುಂದಿನ ಸಾಲಿನಲ್ಲಿ ಕುಳಿತ ಗಣ್ಯರು ತಮಗೆ ಕೇಳಿಸಿತೇ ಎಂದು ನೋಡುತ್ತಾರೆ. ಎಲ್ಲರಿಗೂ ಕೇಳಿಸಿತೇ ಎಂದು ನೋಡುವುದನ್ನೇ ಕೆಲಸವಾಗಿ ಇಟ್ಟುಕೊಂಡವನು ಸಭೆಯಲ್ಲಿ ಇವನೊಬ್ಬನೇ. ಭಾಷಣಕಾರರಾದರೋ ಮಾತು ನಾಟದೆ ಹೋದರೆ ಮೈಕಿನ ಕಡೆ ಕಣ್ಣು ಕೆಂಪು ಮಾಡುತ್ತಾರೆ. ಕುಣಿಯಲಾರದವಳು ನೆಲ ಡೊಂಕೆಂದಳಂತೆ.

ಪರದೆಯ ವ್ಯವಹಾರವೂ ಹೀಗೆಯೇ. ಈಗ ಉಪನ್ಯಾಸವೆಂದರೆ ಪೆನ್‌ಡ್ರೈವ್ ಇಲ್ಲದೆ ಇಲ್ಲ. ಉಪನ್ಯಾಸಕಿ ಮನೆಯಲ್ಲಿ ರಾತ್ರಿಯೆಲ್ಲ ಕೂತು ಹಳೆಯ ನುಡಿ ಅಥವಾ ಬರಹದ ಅಕ್ಷರದಲ್ಲಿ ಸ್ಲೈಡು ಮಾಡಿರುತ್ತಾರೆ. ವೇದಿಕೆಯ ಕಂಪ್ಯೂಟರಿನಲ್ಲಿ ಆ ಅಕ್ಷರಶೈಲಿ ಇರುವುದಿಲ್ಲ. ಆ ಹಳೆಯ ಶೈಲಿಗಳಲ್ಲಿ ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರದ ಸಂಕೇತ, ಮೇಲಿನ ರೂಪವಷ್ಟೇ ಕನ್ನಡ. ಶೈಲಿ ಸಿಗದಿದ್ದರೆ ಪರದೆಯ ಮೇಲೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಸಭೆ ನಗುತ್ತದೆ, ಉಪನ್ಯಾಸಕಿ ಬೆವರುತ್ತಾರೆ. ಯೂನಿಕೋಡ್ ಅಕ್ಷರದಲ್ಲಿ ಮಾಡಿ, ಇಲ್ಲವೇ ಪಿಡಿಎಫ್ ಮಾಡಿ ತನ್ನಿ ಎಂದು ಒಂದು ಮಾತು ಮೊದಲೇ ತಿಳಿಸಿದ್ದರೆ ಇದು ಆಗುತ್ತಿರಲಿಲ್ಲ. ತಿಳಿಸಬೇಕಾದವನು ಕಂಪ್ಯೂಟರಿನ ಪಕ್ಕದಲ್ಲೇ ನಿಂತಿದ್ದಾನೆ. ಅವನಿಗೂ ಉಪನ್ಯಾಸಕಿಗೂ ಪರಿಚಯವಾಗುವುದೇ ಅಕ್ಷರಗಳು ಕೆಟ್ಟ ಮೇಲೆ. 1968ರಲ್ಲಿ 30 ಮೈಲಿ ಆಚೆಯಿಂದ ಅಕ್ಷರ ತರಿಸಿದ ಸಭೆಗೂ ಇದಕ್ಕೂ ಇರುವ ವ್ಯತ್ಯಾಸ ಯಂತ್ರದ್ದಲ್ಲ, ನಮ್ಮ ಯಂತ್ರಗಳು ಅವಕ್ಕಿಂತ ಎಷ್ಟೋ ಮೇಲು. ಅಲ್ಲಿ ಮಾತಾಡುವವರೂ ಮಾತು ದಾಟಿಸುವವರೂ ಒಂದೇ ತಂಡದಲ್ಲಿದ್ದರು, ಮೊದಲೇ ಕೂತು ಮಾತಾಡಿಕೊಂಡಿದ್ದರು. ಇಲ್ಲಿ ಒಬ್ಬರಿಗೊಬ್ಬರು ಅಪರಿಚಿತರು.

2020ರಲ್ಲಿ ಕೊರೋನಾ ಬಂದಾಗ ಈ ಹಿಂಬದಿಯ ಕೆಲಸ ನಮ್ಮ ಮನೆಗಳಿಗೇ ಬಂದು ಕೂತದ್ದು ನಿಮಗೆ ನೆನಪಿರಬೇಕು. ಮಕ್ಕಳ ತರಗತಿಗೆ ಮೊಬೈಲನ್ನು ಅಕ್ಕಿ ಡಬ್ಬಿಗೆ ಒರಗಿಸಿ ನಿಲ್ಲಿಸಿದವರು, ಬೆಳಕು ಬೀಳುವ ಕಿಟಕಿ ಹುಡುಕಿದವರು, ಟೀಚರ ದನಿ ನಿಂತಾಗ ಮೊಬೈಲು ಹಿಡಿದು ಸಿಗ್ನಲ್ ಸಿಗುವ ಜಗಲಿಗೆ ಓಡಿದವರು, ಮಿಕ್ಸಿ ತಿರುಗಿಸಲು ಪಾಠ ಮುಗಿಯುವುದನ್ನು ಕಾದವರು ಎಷ್ಟೋ ಮನೆಗಳಲ್ಲಿ ತಾಯಂದಿರೇ. ಆ ವರ್ಷ ಪಾಠ ಮಾಡಿದವರನ್ನು ಎಲ್ಲರೂ ನೆನೆದರು, ನೆನೆಯಬೇಕಾದದ್ದೇ. ಮೊಬೈಲು ಒರಗಿಸಿದ ಕೈಯನ್ನು ನೆನೆದವರು ಕಡಿಮೆ. ಮೈಕ್‌ಸೆಟ್‌ನವರಿಗೆ ಕೊನೆಯ ಸಾಲಿನ ವಂದನೆ ಏಕೆ ಸಾಲದು ಎಂಬುದು ನಮಗೆ ಬಿಡಿಸಿ ಹೇಳದೆಯೂ ಅರ್ಥವಾದೀತೆಂದು ನಾನು ನಂಬಿರುವುದು ಇದಕ್ಕೇ.

ಹಾಗೆಂದು ಅವರಿಗೊಂದು ಶಾಲು ಹಾರ ಹಾಕಿ ಕೈತೊಳೆದುಕೊಳ್ಳೋಣ ಎನ್ನುವುದಿಲ್ಲ. ಶಾಲು ಹೊದಿಸಿಕೊಂಡು ಮೂಲೆ ಸೇರಿದವರನ್ನು ಬೇಕಾದಷ್ಟು ಕಂಡಿದ್ದೇವೆ. ಬೇಕಾದದ್ದು ಮೊದಲೇ ಒಂದು ಮಾತುಕತೆ. ನಮ್ಮ ಮಹಿಳಾ ಸಮಾಜದಲ್ಲಿ ಈಗ ಸಣ್ಣದೊಂದು ಪದ್ಧತಿ ಇಟ್ಟುಕೊಂಡಿದ್ದೇವೆ. ಆಹ್ವಾನ ಪತ್ರಿಕೆಯ ಮೊದಲ ಪ್ರತಿ ಮೈಕಿನವರಿಗೆ ಹೋಗುತ್ತದೆ. ಯಾರು ಯಾರು ಮಾತಾಡುತ್ತಾರೆ, ನಿಂತೋ ಕೂತೋ, ಪರದೆ ಬೇಕೋ ಬೇಡವೋ ಎಂದು ಅದರ ಬೆನ್ನ ಮೇಲೆ ಬರೆದಿರುತ್ತೇವೆ. ಪೀಠದ ಹಿಂದೆ ಒಂದು ಮಣೆ ಇಡುತ್ತೇವೆ, ಕುಳ್ಳಗಿರುವವರು ಹತ್ತಿ ನಿಲ್ಲಲಿ ಎಂದು. ಪರೀಕ್ಷೆಗೆ ನಮ್ಮಲ್ಲೇ ಒಬ್ಬಳು ನಿಂತು ನಾಲ್ಕು ಮಾತಾಡುತ್ತಾಳೆ. ವಂದನಾರ್ಪಣೆಯಲ್ಲಿ ಮೈಕಿನವರ ಹೆಸರನ್ನು ಹೆಸರಾಗಿಯೇ ಹೇಳುತ್ತೇವೆ, ಅದೂ ಜನ ಏಳುವ ಮೊದಲು. ಖರ್ಚು ಒಂದು ಪೈಸೆಯದೂ ಇಲ್ಲ.

ಇನ್ನು ಸಭೆಯನ್ನು ವರದಿ ಮಾಡುವವರಿಗೆ, ವಿಮರ್ಶೆ ಬರೆಯುವವರಿಗೆ ನನ್ನದೊಂದು ಕೋರಿಕೆ. ದಯವಿಟ್ಟು ಮುಂದಿನ ಸಾಲಿನ ಮೆತ್ತನೆಯ ಕುರ್ಚಿ ಬಿಟ್ಟು ಅರ್ಧ ಗಂಟೆ ಹಿಂದೆ ಬಂದು ಕೂರಿ. "ಎಲ್ಲರಿಗೂ ಕೇಳಿಸುತ್ತಿದೆಯೇ?" ಎಂದು ವೇದಿಕೆಯಿಂದ ಕೇಳಿದಾಗ ಹೌದೆನ್ನುವವರು ಯಾವಾಗಲೂ ಮುಂದಿನವರೇ. ಹಿಂದಿನವರು ಸುಮ್ಮನಿರುತ್ತಾರೆ, ಅವರಿಗೆ ಆ ಪ್ರಶ್ನೆಯೇ ಕೇಳಿಸಿರುವುದಿಲ್ಲ. ಅವರ ನಡುವೆ ಕೂತು ಬರೆದ ವರದಿಯನ್ನು ಓದಲು ನಾನು ಕಾದಿದ್ದೇನೆ.